ಹುಡುಕದೆ ಸಿಗಬೇಕಾದ ನೀರು

ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಮೊದಲನೇ ನರೂಲಿ ಎದ್ದಾಗ, ಜೋಳದ ಹಿಟ್ಟು ಒಣಗಿ ಅಂಟಿಕೊಂಡಿದೆ ಅಂದುಕೊಂಡು ಉಗುರಿನಿಂದ ಕೆರೆದೆ. ರಕ್ತ ಬಂತು. ಅಷ್ಟಕ್ಕೇ ಸುಮ್ಮನಾಗಬೇಕಿತ್ತು. ಆದರೆ ನಾನು ಯಾವುದಕ್ಕೆ ಸುಮ್ಮನಾದವಳು, ಹೇಳ್ರಿ? ದಿನಾ ಕೆರೆದೆ. ಅದೂ ನನ್ನಷ್ಟೇ ಹಟಮಾರಿ. ಒಂದಿದ್ದದ್ದು ನಾಲ್ಕಾರಾಗಿ, ಬೆರಳ ಸಂದಿಗೆ ಇಳಿದು, ಮಳೆಗಾಲ ಶುರುವಾಗುವಷ್ಟರಲ್ಲಿ ಅಂಗೈಯನ್ನೇ ಹಿಡಿದುಕೊಂಡಿತು.

ಬೇರೆ ಯಾರಿಗಾದರೂ ಆಗಿದ್ದರೆ ಕೈಯನ್ನು ಸೆರಗಿನಡಿ ಇಟ್ಟುಕೊಂಡು ದಿನ ತಳ್ಳಬಹುದಿತ್ತು. ನನ್ನ ಕೆಲಸವೇ ಅಂಗೈಯದು. ನಾನು ಜೋಳದ ರೊಟ್ಟಿ ಬಡಿಯುವವಳು. ಮದುವೆಯಾಗಿ ಧಾರವಾಡದ ಕಡೆಯಿಂದ ಬಂದು ಬೆಂಗಳೂರಿನ ಜೋಗುಪಾಳ್ಯದ ಒಂದು ಮಹಡಿ ಮನೆಯಲ್ಲಿ ಬಾಡಿಗೆಗೆ ಕೂತ ಹೊಸದರಲ್ಲಿ ನನಗೆ ಈ ಊರು ಒಂಚೂರೂ ಹಿಡಿಸಿರಲಿಲ್ಲ. ಯಾರ ಗುರುತೂ ಇಲ್ಲ, ಯಾರಿಗೂ ನನ್ನ ಮಾತು ತಿಳಿಯುವುದಿಲ್ಲ. ಆಮೇಲೆ ದೊಮ್ಮಲೂರು, ಇಂದಿರಾನಗರದ ಆಫೀಸುಗಳಿಗೆ ಹೋಗುವ ನಮ್ಮ ಕಡೆಯ ಮಂದಿಗೆ ಒಬ್ಬರಿಂದೊಬ್ಬರಿಗೆ ಸುದ್ದಿ ಹೋಗಿ, ಮನೆಬಾಗಿಲಿಗೆ ಬಂದು ರೊಟ್ಟಿ ಒಯ್ಯತೊಡಗಿದರು. "ಅಕ್ಕಾರ, ನಿಮ್ಮ ರೊಟ್ಟಿ ತಿಂದು ನಮ್ಮವ್ವನ ನೆನಪಾತ್ರಿ" ಅಂತ ಅವರು ಅನ್ನುವಾಗ ಈ ಊರಲ್ಲಿ ನಾನೂ ಒಬ್ಬಳು ಇದ್ದೇನೆ ಅನಿಸುತ್ತಿತ್ತು. ನನ್ನನ್ನು ಇಲ್ಲಿ ನಿಲ್ಲಿಸಿದ್ದು ಆ ಕೈ. ಈಗ ಅದೇ ಕೈ ಹೀಗಾಯಿತು.

ರೊಟ್ಟಿ ಒಯ್ಯಲು ಬಂದ ದೊಮ್ಮಲೂರಿನ ಒಬ್ಬ ಮೇಡಂ, ನಾನು ಪೊಟ್ಟಣ ಕೊಡುವಾಗ ನನ್ನ ಅಂಗೈ ನೋಡಿದರು. ನಗುತ್ತಲೇ ದುಡ್ಡು ಕೊಟ್ಟು ಹೋದರು. ಪಾಪ, ಒಳ್ಳೆಯವರು. ಆದರೆ ಆಮೇಲೆ ಅವರ ಮೆಸೇಜೇ ಬರಲಿಲ್ಲ. ಅವರ ತಪ್ಪೇನಿದೆ? ಅಂಥ ಕೈಯಿಂದ ಬಡಿದದ್ದನ್ನು ನಾನಾದರೂ ತಿನ್ನುತ್ತಿರಲಿಲ್ಲ. ಗ್ಲೌಸ್ ಹಾಕಿಕೊಂಡು ಬಡಿದು ನೋಡಿದೆ, ಹಿಟ್ಟು ಗ್ಲೌಸಿಗೇ ಅಂಟಿಕೊಂಡು ರೊಟ್ಟಿ ಹರಿದು ಚಿಂದಿಯಾಯಿತು. ನಮ್ಮ ಮನೆಯವರು, "ಮಷೀನ್ ತರೋಣೇನು?" ಅಂದರು. ನಾನು ನೋಡಿದ ನೋಟಕ್ಕೆ ಆಫೀಸಿಗೆ ಹೊರಟೇಬಿಟ್ಟರು. ಅವತ್ತೇ ಎಲ್ಲರಿಗೂ "ಸ್ವಲ್ಪ ದಿನ ರೊಟ್ಟಿ ಇಲ್ಲ" ಅಂತ ಮೆಸೇಜು ಹಾಕಿ, ಹಂಚನ್ನು ತೊಳೆದು ಮೇಲಿಟ್ಟೆ.

ಚರ್ಮದ ಡಾಕ್ಟರರ ಹತ್ತಿರ ಹೋದೆ. ಸುಟ್ಟರು. ಸುಟ್ಟ ಜಾಗದ ಸುತ್ತ ಮತ್ತೆ ಎದ್ದವು. "ಕೆರೀಬೇಡಿ, ಮುಟ್ಟಬೇಡಿ. ಕೆಲವರಿಗೆ ತಾವಾಗೇ ಹೋಗ್ತವೆ, ತಾಳ್ಮೆ ಬೇಕು" ಅಂದರು. ತಾಳ್ಮೆ! ಅದೊಂದು ನಮ್ಮ ಮನೆತನದಲ್ಲೇ ಇಲ್ಲ. ಊರಿಗೆ ಫೋನ್ ಮಾಡಿದರೆ ಅವ್ವ, "ಕುದುರಿ ಬಾಲದ ಕೂದಲಾ ಬಿಗಿದು ಕಟ್ಟು, ತಾನ ಉದುರತೈತಿ" ಅಂದಳು. "ಬೆಂಗಳೂರಾಗ ಕುದುರಿ ಎಲ್ಲಿಂದ ತರ್ಲಿ ಯವ್ವಾ?" ಅಂದರೆ, "ನಿಮ್ಮ ಮನಿ ಹತ್ರ ಮಿಲ್ಟ್ರಿ ಐತಂತಲ್ಲ, ಅವರನ್ನ ಕೇಳು" ಅಂದಳು. ಬಂದೂಕು ಹಿಡಿದು ನಿಂತವನ ಮುಂದೆ ಹೋಗಿ ಕುದುರೆ ಕೂದಲು ಕೊಡಪ್ಪಾ ಅನ್ನಬೇಕಂತೆ. ಫೋನ್ ಇಟ್ಟುಬಿಟ್ಟೆ.

ಹೀಗಿರುವಾಗ ನನ್ನ ಕೈ ಕೆಳಮನೆಯ ಆಂಟಿಯ ಕಣ್ಣಿಗೆ ಬಿತ್ತು. ಆಂಟಿ ಅಂದರೆ ನಮ್ಮ ಮನೆ ಮಾಲೀಕರು, ಎಂಬತ್ತು ದಾಟಿದ ಆಂಗ್ಲೋ ಇಂಡಿಯನ್ ಹೆಂಗಸು. ಮೊಣಕಾಲು ಸವೆದು ಬಾಗಿಲಾಚೆ ಹೋಗುವುದು ಕಡಿಮೆ. ಹೂವಿನವಳ ಹತ್ತಿರ ತಮಿಳು, ಕೋಳಿ ಅಂಗಡಿಯವರ ಹತ್ತಿರ ದಖನಿ, ನನ್ನ ಹತ್ತಿರ ಕನ್ನಡ, ಬೆಕ್ಕಿನ ಹತ್ತಿರ ಮಾತ್ರ ಇಂಗ್ಲಿಷು. ಅವರ ಅಜ್ಜಿ ಹದಿಹರೆಯದಲ್ಲಿ ಸಿಪಾಯಿ ಅಪ್ಪನ ಜೊತೆ ಐರ್ಲೆಂಡಿನಿಂದ ದಂಡು ಪ್ರದೇಶಕ್ಕೆ ಬಂದು ಇಲ್ಲೇ ಮಣ್ಣಾದವಳು. ಐರ್ಲೆಂಡ್ ಅಂದರೆ ಇಂಗ್ಲೆಂಡಿನದೇ ಒಂದು ಓಣಿ ಅಂತ ನಾನು ಒಮ್ಮೆ ಅಂದುಬಿಟ್ಟು, ಆಂಟಿ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಆ ಅಜ್ಜಿ ತನ್ನ ದೇಶದಿಂದ ತಂದದ್ದು ಚರ್ಮದ ಮದ್ದುಗಳನ್ನು. ಆಂಟಿಯ ಬಾಗಿಲಿಗೆ ಹಲಸೂರಿನ ಹಳಬರು ಈಗಲೂ ಬರುತ್ತಾರೆ. ಮಕ್ಕಳಿಗೆ ಬೆವರುಸಾಲೆ ಎದ್ದರೆ ಓಟ್ಸನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಸ್ನಾನದ ನೀರಲ್ಲಿ ಅದ್ದಿ, ಹಿಂಡಿದ ಬಿಳಿ ನೀರನ್ನು ಮೈಗೆ ಸುರಿಯಬೇಕು. ಕುರು ಎದ್ದರೆ ಬಿಸಿ ಹಾಲಲ್ಲಿ ನೆನೆಸಿದ ಬ್ರೆಡ್ಡಿನ ಪಟ್ಟು. ಕಾಲು ಉರಿದು ಕೆಂಪಾದರೆ ಕೋಸಿನ ಎಲೆಯನ್ನು ಲಟ್ಟಣಿಗೆಯಿಂದ ಜಜ್ಜಿ ಸುತ್ತುವುದು. ರೆಪ್ಪೆಯ ಮೇಲೆ ಕಣ್ಣುಕುಟಿಗೆ ಎದ್ದರೆ ಮದುವೆ ಉಂಗುರದಿಂದ ಸವರುವುದು. "ಇದು ನಮ್ಮವ್ವನೂ ಮಾಡ್ತಾಳಲ್ರಿ!" ಅಂತ ನಾನು ಬಾಯಿ ಬಿಟ್ಟರೆ ಆಂಟಿ, "ನಿಮ್ಮವ್ವ ನಮ್ಮ ಅಜ್ಜಿ ಹತ್ರ ಕಲ್ತಿರ್ಬೇಕು ಮ್ಯಾನ್" ಅಂತ ಗಂಭೀರವಾಗಿ ಅನ್ನುತ್ತಿದ್ದರು. ಆ ಅಜ್ಜಿಯನ್ನು ನೆನೆದರೆ ನನಗೆ ಹೊಟ್ಟೆಯೊಳಗಿಂದ ಗೌರವ ಬರುತ್ತದೆ. ಅವಳ ದೇಶದಲ್ಲಿ ಮುಳ್ಳುಗಿಡ ತಾಗಿ ಉರಿದರೆ ಉಜ್ಜಲು ಒಂದು ಅಗಲ ಎಲೆಯ ಸೊಪ್ಪು ಪಕ್ಕದಲ್ಲೇ ಬೆಳೆಯುತ್ತಿತ್ತಂತೆ. ಇಲ್ಲಿ ಆ ಸೊಪ್ಪಿಲ್ಲ. ಅಳುತ್ತ ಕೂರದೆ, ಇಲ್ಲಿಯ ಹೆಂಗಸರನ್ನು ಕೇಳಿ ಕೇಳಿ ಲೋಳೆಸರವನ್ನು ಕಂಡುಕೊಂಡಳಂತೆ. ಭಾಷೆ ಬಾರದ ಊರಲ್ಲಿ ಒಂದು ಎಲೆಗಾಗಿ ಅಷ್ಟು ಜನರ ಸ್ನೇಹ ಮಾಡಿದಳಲ್ಲ, ಅದೇನು ಕಡಿಮೆಯೇ?

ನಾನು ಸೆರಗಿನಡಿ ಇಟ್ಟ ಕೈಯನ್ನು ಆಂಟಿ ಎಳೆದು, ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ನೋಡಿದರು. ಒಂದಿಷ್ಟೂ ಅಸಹ್ಯಪಡದೆ ಒಂದೊಂದರ ಮೇಲೂ ಬೆರಳಾಡಿಸಿದರು. ಆ ತಿಂಗಳೆಲ್ಲ ನನ್ನ ಕೈಯನ್ನು ಯಾರೂ ಮುಟ್ಟಿರಲಿಲ್ಲ, ನಾನೇ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

"ಎಕ್ಕದ ಹಾಲು ಹಚ್ಚಲೇನ್ರಿ ಆಂಟಿ? ನಮ್ಮೂರಾಗ ಹಚ್ತಾರ."

"ಹುಚ್ಚಾ ನಿಂಗೆ? ಚರ್ಮ ಸುಟ್ಟುಹೋಗುತ್ತೆ. ಆಲೂಗಡ್ಡೆ ತಗೊಂಡ್ ಬಾ."

ಆಲೂಗಡ್ಡೆಯನ್ನು ಎರಡು ಹೋಳು ಮಾಡಿ, ಕೊಯ್ದ ಮುಖದಿಂದ ನರೂಲಿಗಳನ್ನೆಲ್ಲ ಉಜ್ಜಿ, ಮಣ್ಣಲ್ಲಿ ಹೂಳಬೇಕು. ಅದು ಕೊಳೆತ ಹಾಗೆ ಇದು ಕರಗುತ್ತದಂತೆ. ಅಂಗಳದ ಮೂಲೆಯಲ್ಲಿ ಭಕ್ತಿಯಿಂದ ಹೂತೆ. ಬೆಳಿಗ್ಗೆ ನೋಡಿದರೆ ಹೆಗ್ಗಣ ಗುಂಡಿ ತೋಡಿ ಅದನ್ನು ತಿಂದು ಹೋಗಿತ್ತು. ಮತ್ತೊಂದು ಹೂತೆ, ಅದನ್ನೂ ತಿಂದಿತು. ಐರ್ಲೆಂಡಿನಲ್ಲಿ ಹೆಗ್ಗಣ ಇರುವುದಿಲ್ಲವೇನೋ. "ಇನ್ನ ಆ ಹೆಗ್ಗಣಕ್ಕ ನರೂಲಿ ಏಳ್ತಾವು ನೋಡ್ರಿ" ಅಂದೆ. ಆಂಟಿ ನಗಲಿಲ್ಲ. ಕಿಟಕಿಯಾಚೆ ಮೋಡ ನೋಡುತ್ತ ಬಹಳ ಹೊತ್ತು ಏನೋ ಲೆಕ್ಕ ಹಾಕಿದರು. ಆಮೇಲೆ, "ನಾಳೆ ನಂಗೆ ಸ್ವಲ್ಪ ಬ್ರೆಡ್ ತಂದ್ಕೊಡ್ತೀಯಾ, ಚೈಲ್ಡ್?" ಅಂದರು.

ಅಲ್ಲಿಂದ ಶುರುವಾಯಿತು ನನ್ನ ಅಲೆದಾಟ.

ಬ್ರೆಡ್ಡು ನಮ್ಮ ಬೀದಿಯ ತುದಿಯಲ್ಲೇ ಸಿಗುತ್ತದೆ. ಅದಾಗದು, ಹಲಸೂರು ಕೆರೆ ಆಚೆಯ ಬೇಕರಿಯದೇ ಆಗಬೇಕು. ಆಟೋದಲ್ಲಿ ಹೋಗಬಾರದು, ನಡೆದೇ ಹೋಗಬೇಕು, ಹೋದ ದಾರಿಯಲ್ಲಿ ವಾಪಸು ಬರಬಾರದು. ಒಂದು ದಿನ ಬ್ರೆಡ್ಡು, ಮತ್ತೊಂದು ದಿನ ದಾರದ ಉಂಡೆ, ಇನ್ನೊಂದು ದಿನ ಶಿವಾಜಿನಗರದ ಸಂದಿಯೊಂದರಲ್ಲಿ ಮಾತ್ರ ಸಿಗುವ ಯಾವುದೋ ಹಳೇ ಕಾಲದ ಬಿಸ್ಕತ್ತು. ಅದೂ ಯಾವಾಗ? ರಾತ್ರಿ ಮಳೆ ಹೊಡೆದು ಬೀದಿಯೆಲ್ಲ ಕೆಸರಾದ ಬೆಳಿಗ್ಗೆಯೇ ಆಗಬೇಕು. ಮಳೆ ಬಾರದ ದಿನ ಆಂಟಿಗೆ ಏನೂ ಬೇಕಾಗುತ್ತಿರಲಿಲ್ಲ.

"ಆ್ಯಪ್‌ನಾಗ ಹೇಳಿದ್ರ ಹತ್ತು ನಿಮಿಷದಾಗ ಮನಿಗೆ ತಂದು ಕೊಡ್ತಾರಲ್ರಿ ಆಂಟಿ!"

"ಅವ್ರು ತಂದ ಬ್ರೆಡ್ ಚೆನ್ನಾಗಿರಲ್ಲ ಮ್ಯಾನ್."

"ಬ್ರೆಡ್ ಬ್ರೆಡ್ಡೇ ಅಲ್ರಿ?"

"ನೀನು ಹೋಗು. ಫೋನ್ ನೋಡ್ಕೊಂಡು ಹೋಗ್ಬೇಡ, ಸುತ್ತ ನೋಡ್ಕೊಂಡು ಹೋಗು."

ಮೊದಮೊದಲು ಹೋದೆ. ರೊಟ್ಟಿ ಇಲ್ಲ, ಮನೆಯಲ್ಲಿ ಕೂತು ಕೈ ನೋಡಿಕೊಂಡು ಅಳುವುದಕ್ಕಿಂತ ವಾಸಿ. ಹಲಸೂರಿನ ದೇವಸ್ಥಾನದ ಹಿಂದಿನ ಗಲ್ಲಿಗಳು, ಮಿಲ್ಟ್ರಿಯವರ ಉದ್ದುದ್ದ ಗೋಡೆ, ಹಳೇ ಮನೆ ಕೆಡವಿ ಹೊಸ ಮಹಡಿ ಎಬ್ಬಿಸುವ ಜೋಗುಪಾಳ್ಯದ ಸಂದಿಗೊಂದಿ, ಎಲ್ಲ ತಿರುಗಿದೆ. ತಿರುಗಿ ಬಂದ ಕೂಡಲೇ ಆಂಟಿಯದು ಒಂದೇ ಪ್ರಶ್ನೆ: "ದಾರೀಲಿ ಏನ್ ನೋಡ್ದೆ?" ನಾನು ಟ್ರಾಫಿಕ್ಕು, ಗುಂಡಿ, ನಾಯಿ ಅನ್ನುತ್ತಿದ್ದೆ. ಅವರ ಮುಖ ಇಳಿಯುತ್ತಿತ್ತು. ಬ್ರೆಡ್ಡನ್ನು ಮುಟ್ಟುತ್ತಲೂ ಇರಲಿಲ್ಲ, ಬೆಕ್ಕು ತಿನ್ನುತ್ತಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಮಾತೂ ಬರುತ್ತದೆ, ಜಗಳವೂ ಬರುತ್ತದೆ. ಒಂದು ದಿನ ಬಾಗಿಲಲ್ಲೇ ನಿಂತು ಹರಿಹಾಯ್ದೆ.

"ನಾ ಏನ್ ನಿಮ್ಮ ಮನಿ ಆಳೇನ್ರಿ? ಕೈಗೊಂದು ಮದ್ದು ಕೇಳಿದ್ರ ಊರೆಲ್ಲಾ ತಿರಗಸಾಕ ಹತ್ತೀರಿ! ಬಾಡಿಗಿ ಮನಿ ಅಂತ ಸದರ ಆತೇನು?"

ಆಂಟಿ ಬಾಯಿ ತೆರೆದರು. ಏನೋ ಹೇಳಲು ಹೊರಟವರು ತುಟಿ ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ನೋಡಿದರು. ಕೊನೆಗೆ, "ಇವತ್ತೊಂದಿನ ಹೋಗ್ಬಿಡು. ಬನ್ ತಗೊಂಡ್ ಬಾ" ಅಂದರು. ಮುದುಕಿಗೆ ಅರಳುಮರಳು ಹಿಡಿಯಿತು ಅಂದುಕೊಂಡು, ಚಪ್ಪಲಿ ಕುಟ್ಟುತ್ತ ಹೊರಟೆ.

ಬನ್ ತೆಗೆದುಕೊಂಡು, ಸಿಟ್ಟಿನಲ್ಲಿ ಎಲ್ಲಿ ತಿರುಗಿದೆನೋ ತಿಳಿಯದೆ, ಹಲಸೂರಿನ ಒಂದು ಇಕ್ಕಟ್ಟು ಗಲ್ಲಿಗೆ ಬಂದೆ. ಒಂದು ಕಾರು ಸುಂಯ್ ಅಂತ ಬಂದು ಗುಂಡಿಯ ರಾಡಿಯನ್ನೆಲ್ಲ ನನ್ನ ಮೈಮೇಲೆ ಎರಚಿ ಹೋಯಿತು. ಬನ್ನಿನ ಪೊಟ್ಟಣ, ಸೀರೆ, ಮೊಣಕೈವರೆಗೆ ಕೈ, ಎಲ್ಲ ಕೆಸರು. ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲಾಗದು. ಪಕ್ಕದಲ್ಲಿ ಒಂದು ಹಳೇ ಮನೆ ಕೆಡವಿದ್ದರು. ಇಟ್ಟಿಗೆ, ಹೆಂಚು, ಮುರಿದ ಕಿಟಕಿಗಳ ರಾಶಿಯ ಬುಡದಲ್ಲಿ ಯಾರೋ ಉರುಳಿಸಿ ಬಿಟ್ಟ ಒಂದು ಒರಳುಕಲ್ಲು ಕೂತಿತ್ತು. ಅದರ ಗುಳಿ ತುಂಬ ರಾತ್ರಿಯ ಮಳೆನೀರು, ತಿಳಿಯಾಗಿ. ಡೆಂಗ್ಯೂ ಸೊಳ್ಳೆ ಅಂತ ಈಗೆಲ್ಲ ಇಂಥ ಒರಳನ್ನು ಕಂಡಲ್ಲಿ ಮಗುಚಿ ಹಾಕುತ್ತಾರೆ. ಇದು ಹೇಗೋ ಉಳಿದುಕೊಂಡಿತ್ತು. ನಾನು ಆ ಕಾರಿನವನ ವಂಶವನ್ನೇ ಬೈಯುತ್ತ ಎರಡೂ ಕೈ ಅದರೊಳಗೆ ಮುಳುಗಿಸಿ, ತಿಕ್ಕಿ ತಿಕ್ಕಿ ತೊಳೆದುಕೊಂಡೆ. ನೀರು ಎಷ್ಟು ತಣ್ಣಗಿತ್ತು ಅಂದರೆ ಸಿಟ್ಟು ಕೂಡ ಅರ್ಧ ಇಳಿಯಿತು.

ಮನೆಗೆ ಬಂದು ಬನ್ನನ್ನು ಮೇಜಿನ ಮೇಲೆ ಕುಕ್ಕಿ, ಕಾರಿನ ಕಥೆ ಹೇಳಿದೆ. ಆಂಟಿ ಕೇಳುತ್ತ ಕೇಳುತ್ತ ನನ್ನ ಕೈ ನೋಡಿದರು.

"ಮತ್ತೆ ಕೈ ಕ್ಲೀನಾಗಿದೆಯಲ್ಲ?"

"ಅಲ್ಲೇ ಬಿದ್ದಿದ್ದ ಒಂದು ಒರಳಾಗ ಮಳಿನೀರಿತ್ರಿ. ತೊಳ್ಕೊಂಡೆ."

ಆಂಟಿ ಕುರ್ಚಿಯಿಂದ ಎದ್ದರು. ಹಿಡಿಕೆ ಹಿಡಿಯದೆ ಅವರು ಎದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಯಾರಾದ್ರೂ ಹೇಳಿದ್ರಾ ನಿಂಗೆ, ಅಲ್ಲಿದೆ ಅಂತ?"

"ಯಾರ್ ಹೇಳ್ತಾರ್ರಿ? ಕಾಲಿಗೆ ತಾಕಿತು, ಕಂಡಿತು."

ಅವರು ನನ್ನ ಎರಡೂ ಕೈ ಹಿಡಿದು, ಮಗುವಿನ ಹಾಗೆ ನಕ್ಕು, ಆಮೇಲೆ ಅತ್ತುಬಿಟ್ಟರು. ನನಗೆ ದಿಗಿಲಾಯಿತು. ಕೂರಿಸಿ ನೀರು ಕೊಟ್ಟ ಮೇಲೆ ಹೇಳಿದರು. ಅವರ ಅಜ್ಜಿಯ ದೇಶದಲ್ಲಿ ನರೂಲಿಗೆ ಎಲ್ಲಕ್ಕಿಂತ ದೊಡ್ಡ ಮದ್ದು ಕಲ್ಲಿನ ಗುಳಿಯಲ್ಲಿ ನಿಂತ ಮಳೆನೀರು. ಅದರಲ್ಲಿ ಕೈ ಅದ್ದಬೇಕು. ಆದರೆ ಒಂದು ಕಟ್ಟಳೆ: ಅದನ್ನು ಹುಡುಕಿಕೊಂಡು ಹೋಗಬಾರದು. ತಾನಾಗಿ ಎದುರಾಗಬೇಕು. ಹುಡುಕಿ ಹೋದರೆ ಅದು ಬರೀ ನೀರು. ಬಲ್ಲವರು ಬಾಯಿ ಬಿಟ್ಟು ಹೇಳಿದರೂ ಮುಗಿಯಿತು, ಕೇಳಿದವಳ ಕಣ್ಣು ಆ ಕ್ಷಣದಿಂದಲೇ ಹುಡುಕಲು ಶುರುಮಾಡುತ್ತದಲ್ಲ.

"ಅಲ್ಲಿ ಬಂಡೆಯ ಗುಳಿ, ಇಲ್ಲಿ ಒರಳು. ಕಲ್ಲು ಕಲ್ಲೇ ತಾನೆ, ಮಳೆ ಮಳೆನೇ ತಾನೆ ಅಂತಿದ್ಲು ನಮ್ಮಜ್ಜಿ. ನಾನ್ ಏನ್ ಮಾಡ್ಲಿ ಚೈಲ್ಡ್? ಹೇಳೋ ಹಾಗಿಲ್ಲ. ಹೇಳೋ ಹಾಗಿಲ್ಲ ಅಂತಾನೂ ಹೇಳೋ ಹಾಗಿಲ್ಲ. ನಿನ್ನ ನಡೆಸ್ಬೇಕು, ಅಷ್ಟೇ."

ಆಗ ಒಂದೊಂದೇ ನೆನಪಾಯಿತು. ಮಳೆ ಬಂದ ಬೆಳಿಗ್ಗೆ ಮಾತ್ರ ಬ್ರೆಡ್ಡು. ಹೋದ ದಾರಿಯಲ್ಲಿ ಬರಬಾರದು. ಸುತ್ತ ನೋಡು. ಏನ್ ನೋಡ್ದೆ? ಒಂದು ಮಳೆಗಾಲವಿಡೀ ಈ ಮುದುಕಿ ಮೋಡ ನೋಡಿಕೊಂಡು, ಯಾವ ಗಲ್ಲಿಯಲ್ಲಿ ಹಳೇ ಮನೆ ಕೆಡವಿದ್ದಾರೆ ಅಂತ ಹೂವಿನವಳಿಂದ ವಿಚಾರಿಸಿಕೊಂಡು, ನನ್ನನ್ನು ಅತ್ತ ಅಟ್ಟುತ್ತಿದ್ದರು. ಒಂದು ಮಾತು ಹೇಳಿದ್ದರೆ ನನ್ನ ಬೈಗುಳ ತಪ್ಪುತ್ತಿತ್ತು. ನನ್ನ ಕೈಗಾಗಿ ಬೈಸಿಕೊಂಡರು. ಎಂಥ ಗಟ್ಟಿ ಬಾಯಿ ಮಾರಾಯ್ರೆ! ನನ್ನ ಹೊಟ್ಟೆಯಲ್ಲಿ ಒಂದು ಗುಟ್ಟು ಕಾಫಿ ಆರುವಷ್ಟು ಹೊತ್ತೂ ನಿಲ್ಲುವುದಿಲ್ಲ.

ನಾನು ಬಾಯಿ ತೆರೆಯುವುದರೊಳಗೆ ಅವರು ನನ್ನ ತುಟಿಯ ಮೇಲೆ ಕೈ ಇಟ್ಟರು.

"ಇನ್ನೊಂದಿದೆ. ಗುಣ ಆದ್ರೆ ಥ್ಯಾಂಕ್ಸ್ ಹೇಳ್ಬಾರ್ದು. ನಂಗಾಗ್ಲಿ, ಯಾರಿಗಾಗ್ಲಿ. ಹೇಳಿದ್ರೆ ಎಲ್ಲಾ ವಾಪಸ್ ಬರುತ್ತೆ."

"ಮೊದಲು ಹೋಗ್ಲಿ ಬಿಡ್ರಿ, ಆಮ್ಯಾಲ ನೋಡೋಣು" ಅಂದೆ.

ಹೋದವು. ಹೇಗೆ ಅಂತ ನನ್ನನ್ನು ಕೇಳಬೇಡಿ. ಮೊದಲು ಕಪ್ಪಾಗಿ ಒಣಗಿದವು, ಆಮೇಲೆ ಚಪ್ಪಟೆಯಾದವು, ದಸರೆಯ ಹೊತ್ತಿಗೆ ಒಂದೊಂದಾಗಿ ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಡಾಕ್ಟರರಿಗೆ ತೋರಿಸಿದೆ. "ನೋಡಿದ್ರಾ, ಕೆರೆಯೋದು ಬಿಟ್ರಿ, ದೇಹ ತಾನೇ ಸರಿಮಾಡ್ಕೊಳ್ತು" ಅಂದರು. ಇರಬಹುದು. ಮಳೆಗಾಲವಿಡೀ ನಡೆದು ನಡೆದು ಕೆರೆಯಲು ಪುರುಸೊತ್ತಾದರೂ ಎಲ್ಲಿತ್ತು? ಡಾಕ್ಟರರನ್ನೂ ನಂಬುತ್ತೇನೆ, ಅಜ್ಜಿಯನ್ನೂ ನಂಬುತ್ತೇನೆ. ಇಬ್ಬರ ನಡುವೆ ಪಂಚಾಯ್ತಿ ಮಾಡುವುದು ನನ್ನ ಕೆಲಸವಲ್ಲ.

ಹಂಚು ಕೆಳಗಿಳಿಸಿದ ದಿನ ನನಗೆ ಹಬ್ಬ. ಎಸರು ಕಾಯಿಸಿ ಹಿಟ್ಟು ನಾದಿ, ಹಲಗೆಯ ಮೇಲೆ ಪಟಪಟ ಬಡಿಯುವಾಗ ಕೆಳಮನೆಯಿಂದ ಆಂಟಿ ಕೋಲಿನಿಂದ ಗೋಡೆ ಕುಟ್ಟಿ ತಾಳ ಹಾಕಿದರು. ಮೆಸೇಜು ಹಾಕಿದ್ದೇ ತಡ, ಎಲ್ಲರೂ ವಾಪಸು ಬಂದರು. ದೊಮ್ಮಲೂರಿನ ಮೇಡಂ ಕೂಡ ಬಂದು, ಪೊಟ್ಟಣದ ಜೊತೆ ನನ್ನ ಕೈಯನ್ನೂ ಹಿಡಿದುಕೊಂಡು, "ಬರೋಬ್ಬರಿ ಆತಲ್ರಿ" ಅಂದರು.

ಅದೇ ವಾರದ ಒಂದು ಬೆಳಿಗ್ಗೆ, ಬಿಸಿ ರೊಟ್ಟಿ ಹಿಡಿದು ಆಂಟಿಯ ಬಾಗಿಲಿಗೆ ಬಂದೆ. ಕಿವಿಯಲ್ಲಿ ಇಯರ್‌ಫೋನು, ಆಚೆ ಕಡೆ ಇಂದಿರಾನಗರದ ಒಂದು ಆರ್ಡರು. "ಹೂಂ ಮೇಡಂ, ಸಂಜಿಗೆ ರೆಡಿ ಇರತಾವ್ರಿ. ಥ್ಯಾಂಕ್ಸ್ ರಿ ಮೇಡಂ, ಥ್ಯಾಂಕ್ಸ್." ನಮ್ಮೂರಲ್ಲಿ ಯಾರು ಯಾರಿಗೆ ಥ್ಯಾಂಕ್ಸ್ ಹೇಳುತ್ತಿದ್ದರು? ಈ ಊರಿನ ವ್ಯಾಪಾರ ಕಲಿಸಿದ ಚಾಳಿ ಅದು, ಫೋನ್ ಇಡುವಾಗೆಲ್ಲ ನಾಲಿಗೆ ತಾನೇ ಅಂದುಬಿಡುತ್ತದೆ. ಆಂಟಿ ಮೇಜಿನ ಮುಂದೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು.

"ಎಲ್ಲಿ, ತೋರ್ಸು ಕೈ."

ರೊಟ್ಟಿಯನ್ನು ಮೇಜಿನ ಮೇಲಿಟ್ಟು ಎರಡೂ ಅಂಗೈ ಚಾಚಿದೆ. ಅವರು ಬೆರಳ ಸಂದಿಯನ್ನೆಲ್ಲ ಬಿಡಿಸಿ ನೋಡಿದರು.

"ಒಂದೂ ಇಲ್ಲ ಮ್ಯಾನ್! ಫುಲ್ ಕ್ಲೀನ್!"

"ಎಲ್ಲಾ ಹೋಗ್ಯಾವ್ರಿ ಆಂಟಿ, ಥ್ಯಾಂಕ್ಸ್ ರಿ" ಅಂದುಬಿಟ್ಟೆ.

ಅಂದ ಕೂಡಲೇ ಕಟ್ಟಳೆ ನೆನಪಾಯಿತು. ಆಂಟಿ ಮತ್ತೆ ಎತ್ತಿಕೊಂಡಿದ್ದ ಚಾಕು ಹಾಗೇ ನಿಂತಿತು. ನನ್ನ ಕಣ್ಣ ಮುಂದೆ ಆ ಗಂಟುಗಳು, ಮೇಲೆ ಹೋದ ಹಂಚು, ಬರದೆ ಹೋದ ಮೆಸೇಜುಗಳು ಎಲ್ಲ ಬಂದು ನಿಂತವು. ಹಣೆಬರಹವೇ, ಈ ನಾಲಿಗೆಯನ್ನು ಏನು ಮಾಡಲಿ? ಕೈಗಳನ್ನು ಎದೆಗೆ ಅವುಚಿಕೊಂಡು ನಿಂತೆ.

ಆಂಟಿ ಒಂದು ಕ್ಷಣವೂ ತಡಮಾಡಲಿಲ್ಲ. ನನ್ನ ಬಲಗೈ ಎಳೆದು, ಅಂಗೈ ಬಿಡಿಸಿ, ಹೆಚ್ಚದೆ ಉಳಿದಿದ್ದ ಅರ್ಧ ಈರುಳ್ಳಿಯನ್ನು ಅದರಲ್ಲಿಟ್ಟು, ಬೆರಳುಗಳನ್ನು ಬಿಗಿಯಾಗಿ ಮುಚ್ಚಿದರು.

"ಈರುಳ್ಳಿಗೆ ತಾನೆ?" ಅಂದರು ಜೋರಾಗಿ. "ನಾನು ಈರುಳ್ಳಿ ಕೊಟ್ಟೆ, ನೀನು ಥ್ಯಾಂಕ್ಸ್ ಹೇಳ್ದೆ. ಹೌದು ತಾನೆ?" ಆಮೇಲೆ ತಲೆಯೆತ್ತಿ, ಸೂರಿನ ಕಡೆ ನೋಡಿ, ಅಲ್ಲಿ ಯಾರೋ ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವ ಹಾಗೆ ಮತ್ತೂ ಜೋರಾಗಿ, "ಈರುಳ್ಳಿಗೆ ಹೇಳಿದ್ದು!" ಅಂದರು.

"ಹೌದ್ರಿ ಆಂಟಿ" ಅಂದೆ. "ಉಳ್ಳಾಗಡ್ಡಿಗೇ ಹೇಳಿದ್ದು." ಹೇಳುತ್ತಲೇ ತಿಳಿಯಿತು, ಇದಕ್ಕಾದರೆ ಎಷ್ಟು ಬೇಕಾದರೂ ಹೇಳಬಹುದು. ತಡೆದಿಟ್ಟದ್ದೆಲ್ಲ ಒತ್ತಿಕೊಂಡು ಬಂತು. "ಭಾಳ ಥ್ಯಾಂಕ್ಸ್ ರಿ ಈ ಉಳ್ಳಾಗಡ್ಡಿಗೆ. ಇದು ಸಿಗಲಿಲ್ಲಂದ್ರ ನಾ ಈ ಊರಾಗ ಉಳೀತಿರಲಿಲ್ರಿ. ನಾ ಬಾಯಿಗೆ ಬಂದಂಗ ಬೈದರೂ ಒಂದ್ ಮಾತು ಆಡದ ಈ ಉಳ್ಳಾಗಡ್ಡಿ ಕೊಟ್ರಿ. ಹಡೆದವ್ವನೂ ಇಂಥಾ ಉಳ್ಳಾಗಡ್ಡಿ ಕೊಡೂದಿಲ್ರಿ ಆಂಟಿ. ಸಾಯೂತನಾ ಮರಿಯೂದಿಲ್ಲ."

ಈರುಳ್ಳಿ ಹಿಡಿದೇ ಅತ್ತುಬಿಟ್ಟೆ.

"ಸಾಕು ಮ್ಯಾನ್, ಅರ್ಧ ಈರುಳ್ಳಿಗೆ ಇಷ್ಟೊಂದಾ?" ಅಂದರು ಆಂಟಿ, ತಮ್ಮ ಕಣ್ಣನ್ನು ತೋಳಿನಲ್ಲಿ ಒರೆಸಿಕೊಳ್ಳುತ್ತ. ಆಮೇಲೆ ಹೆಚ್ಚಿದ್ದ ಇನ್ನರ್ಧದ ಹೋಳುಗಳನ್ನೂ ಬಾಚಿ ನನ್ನ ಎಡಗೈಗೆ ಹಾಕಿದರು. ನಾನು ಮತ್ತೊಮ್ಮೆ ಥ್ಯಾಂಕ್ಸ್ ಹೇಳಿದೆ.